ಏಳು ಬ್ಯಾಂಕಿನ ತೂಕದಣ್ಣ

ಪ್ರತಿ ತಿಂಗಳ ಒಂದನೇ ತಾರೀಖು ಬೆಳಗ್ಗೆ ತೂಕದಣ್ಣ ತನಗೆ ತಾನೇ ಸಂಬಳ ಕೊಟ್ಟುಕೊಳ್ಳುತ್ತಿದ್ದ. ಕನ್ನಡಕವನ್ನು ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು, ಏಳನೆಯ ಬ್ಯಾಂಕಿನಿಂದ ಮೊದಲನೆಯ ಬ್ಯಾಂಕಿಗೆ ಹಣ ಕಳಿಸುತ್ತಿದ್ದ. ‘ವಿವರ’ ಎಂದಿದ್ದ ಕಡೆ ಒಂದೊಂದೇ ಅಕ್ಷರ ಒತ್ತಿ ‘ಸಂಬಳ’ ಎಂದು ಬರೆಯುತ್ತಿದ್ದ. ತಿಂಗಳಿಗೊಮ್ಮೆ ಸಂಬಳ ಬೀಳುವ ಖಾತೆಗೆ ಆ ಬ್ಯಾಂಕಿನವರು ಅಪಘಾತ ವಿಮೆಯನ್ನು ಪುಕ್ಕಟೆಯಾಗಿ ಕೊಡುತ್ತಿದ್ದರು. ತಕ್ಕಡಿ ರಿಪೇರಿ ಮಾಡುವವನಿಗೆ ಸಂಬಳ ಕೊಡುವ ದಣಿ ಎಲ್ಲಿಂದ ಬರಬೇಕು? ಆದ್ದರಿಂದ ದಣಿಯೂ ತಾನೇ, ಆಳೂ ತಾನೇ.

“ನಿಮ್ಮ ಸಂಬಳ ನೀವೇ ಕೊಟ್ಟು ನೀವೇ ತಗೊಳ್ತೀರ. ಒಂದ್ಸಲನಾದ್ರೂ ಬೋನಸ್ ಕೊಡಬಾರ್ದೇನ್ರೀ?” ಎಂದು ಹೆಂಡತಿ ಹೊಲಿಗೆ ಯಂತ್ರದ ಹಿಂದಿನಿಂದ ಕೇಳುತ್ತಿದ್ದಳು.

“ದಣಿ ಜಿಪುಣ ಕಣೇ.”

“ಆಳೇನು ಕಮ್ಮಿಯಾ.”

ಅವನಿಗೆ ಏಳು ಬ್ಯಾಂಕುಗಳಲ್ಲಿ ಏಳು ಖಾತೆಗಳಿದ್ದವು. ದುಡ್ಡು ಹೆಚ್ಚಾಗಿ ಇಡಲು ಜಾಗ ಸಾಲದೆ ತೆರೆದದ್ದಲ್ಲ. ಒಂದು ಬ್ಯಾಂಕು ವಿಮೆ ಕೊಟ್ಟರೆ ಇನ್ನೊಂದು, ಪ್ರತಿ ತಿಂಗಳು ಹೊಸ ಹಣ ಕಟ್ಟಿದವರಿಗೆ ಕಾಲು ಪಾಲು ಬಡ್ಡಿ ಹೆಚ್ಚಿಗೆ ಕೊಡುತ್ತಿತ್ತು. ಮತ್ತೊಂದು ಔಷಧಿ ಅಂಗಡಿಯಲ್ಲಿ ರಿಯಾಯಿತಿ ಕೊಡುತ್ತಿತ್ತು. ಒಂದು, ಖಾತೆ ತೆರೆದ ದಿನವೇ ಎರಡಾಳು ನಿಲ್ಲುವಷ್ಟು ದೊಡ್ಡ ಕೊಡೆ ಕೊಟ್ಟಿತ್ತು. ಮನೆಯ ಗೋಡೆಗಳ ಮೇಲೆ ನಾಲ್ಕು ಬ್ಯಾಂಕುಗಳ ನಾಲ್ಕು ಗಡಿಯಾರಗಳಿದ್ದವು. ಬೇರೆಯವರ ಮನೆಯಾಗಿದ್ದರೆ ನಾಲ್ಕೂ ನಾಲ್ಕು ಹೊತ್ತು ತೋರಿಸುತ್ತಿದ್ದವೇನೋ. ತೂಕದಣ್ಣನ ಮನೆಯಲ್ಲಿ ನಾಲ್ಕೂ ಒಟ್ಟಿಗೇ ಗಂಟೆ ಹೊಡೆಯುತ್ತಿದ್ದವು. ಹನ್ನೆರಡು ಗಂಟೆಯ ಹೊತ್ತಿಗೆ ಮನೆಯೊಳಗೆ ಮಾತು ಕೇಳಿಸುತ್ತಿರಲಿಲ್ಲ.

ಈ ಏಳು ಕಡೆಯೂ ತಿರುಗುತ್ತಿದ್ದದ್ದು ಒಂದೇ ಗಂಟು. ಒಂದನೇ ತಾರೀಖು ಮೊದಲನೆಯ ಬ್ಯಾಂಕಿಗೆ ಸಂಬಳವಾಗಿ ಇಳಿದು, ಐದಕ್ಕೆ ಎರಡನೆಯದಕ್ಕೆ ಠೇವಣಿಯಾಗಿ, ಹತ್ತಕ್ಕೆ ಮೂರನೆಯದಕ್ಕೆ ಇನ್ನೊಂದು ಲೆಕ್ಕದಲ್ಲಿ, ಹೀಗೆ ಹಾದು ಹಾದು ಇಪ್ಪತ್ತೆಂಟಕ್ಕೆ ಏಳನೆಯದನ್ನು ಮುಟ್ಟುತ್ತಿತ್ತು. ಒಂದೇ ಕುರಿ ಏಳು ಹೊಲ ಮೇದು ಬಂದ ಹಾಗೆ. ಎಲ್ಲ ಬ್ಯಾಂಕಿನಲ್ಲೂ ಖಾತೆ ಬರಿದಾಗಬಾರದೆಂದು ಕನಿಷ್ಠ ಇಷ್ಟು ಹಣ ಯಾವಾಗಲೂ ಇರಲೇಬೇಕೆಂಬ ನಿಯಮವಿತ್ತು. ತೂಕದಣ್ಣ ಅಷ್ಟನ್ನು, ಸರಿಯಾಗಿ ಅಷ್ಟನ್ನೇ, ಇಟ್ಟಿದ್ದ. ಒಂದು ಕಾಸು ಕಡಿಮೆಯಿಲ್ಲ, ಒಂದು ಕಾಸು ಹೆಚ್ಚಿಲ್ಲ.

ಹಣ ಆಯಾ ತಾರೀಖಿಗೆ ತಾನಾಗಿಯೇ ಮುಂದಕ್ಕೆ ಹೋಗುವಂತೆ ಫೋನಿನಲ್ಲಿ ಏರ್ಪಾಡು ಮಾಡಿಕೊಟ್ಟವಳು ಮಗಳು. ಸಂಬಳದ ಒಂದನ್ನು ಮಾತ್ರ ಅವನು ತನ್ನ ಕೈಯಿಂದಲೇ ಕಳಿಸುತ್ತೇನೆಂದು ಉಳಿಸಿಕೊಂಡಿದ್ದ.

ಅವಳು ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ಕೆಲಸಕ್ಕಿದ್ದಳು. “ಅಪ್ಪ, ಎಲ್ಲಾ ಕಡೆ ಸ್ವಲ್ಪ ಜಾಸ್ತಿ ಇಡಿ. ಹೀಗೆ ಅಂಚಲ್ಲಿ ಇಟ್ಕೊಂಡ್ರೆ ಒಂದಿನ ಜಾರುತ್ತೆ” ಎಂದಿದ್ದಳು.

“ಜಾಸ್ತಿ ಇಟ್ರೆ ಅದು ತೂಕ ಅಲ್ಲಮ್ಮ, ಅಂದಾಜು.”

ಅಂದಾಜು ಎಂಬುದು ಅವನ ಬಾಯಲ್ಲಿ ಬೈಗುಳ. ಮೆಟ್ಟಿಲ ಕೆಳಗಿನ ಒಂದು ಕೋಣೆಯೇ ಅವನ ಅಂಗಡಿ. ಎರಡು ಮಾರು ಉದ್ದ, ಒಂದೂವರೆ ಮಾರು ಅಗಲ. ಮಟ್ಟ ಹಿಡಿದು ಕೂರಿಸಿದ ಕಲ್ಲಿನ ಮೇಜು, ಅದರ ಮೇಲೊಂದು ಹಳೆಯ ದೊಡ್ಡ ತಕ್ಕಡಿ. ಪಕ್ಕದ ಗಾಜಿನ ಬೀರುವಿನಲ್ಲಿ ಮೆತ್ತನೆಯ ಬಟ್ಟೆಯ ಮೇಲೆ ಹಿತ್ತಾಳೆಯ ತೂಕದ ಬಟ್ಟುಗಳು ಎತ್ತರದ ಪ್ರಕಾರ ನಿಂತಿರುತ್ತಿದ್ದವು. ಅವನ್ನು ಅವನು ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ, ಚಿಮಟದಲ್ಲಿ ಎತ್ತುತ್ತಿದ್ದ. “ಬೆವರಿಗೂ ತೂಕ ಇದೆ” ಎನ್ನುತ್ತಿದ್ದ. ಊರಿನ ಕಿರಾಣಿಯವರು, ಬೀಜದ ಅಂಗಡಿಯವರು, ಹಳೇ ಪೇಪರಿನವರು ಎಲ್ಲರೂ ತಮ್ಮ ತಕ್ಕಡಿಗಳನ್ನು ಅವನಲ್ಲಿಗೇ ತರುತ್ತಿದ್ದರು. ಅವನ ನಿಜವಾದ ಹೆಸರು ಬ್ಯಾಂಕಿನ ಪುಸ್ತಕಗಳಲ್ಲಿ ಏಳು ಕಡೆ ಇತ್ತು, ಬೀದಿಯಲ್ಲಿ ಒಂದು ಕಡೆಯೂ ಇರಲಿಲ್ಲ.

ಒಂದು ದಿನ ಮೂಲೆಯ ಕಿರಾಣಿ ಅಂಗಡಿಯವ ತನ್ನ ತಕ್ಕಡಿ ಹೊತ್ತು ತಂದ. “ತೂಕದಣ್ಣ, ಮುಳ್ಳು ಸದಾ ನಡುಗ್ತಿತ್ತು ಅಂತ ನಾನೇ ಮೊಳೆ ಬಿಗಿ ಮಾಡ್ದೆ. ಈಗ ನಡುಗಲ್ಲ.”

“ತೂಗುತ್ತಾ?”

“ಅದೊಂದು ಬಿಟ್ಟು ಎಲ್ಲಾ ಸರಿಯಾಗಿದೆ.”

ತೂಕದಣ್ಣ ಮೊಳೆಯನ್ನು ಅರ್ಧ ಸುತ್ತು ಸಡಿಲಿಸಿ, ತಟ್ಟೆಯ ಮೇಲೆ ಒಂದು ಹತ್ತಿಯ ಎಳೆ ಇಟ್ಟ. ಮುಳ್ಳು ಉಸಿರಾಡಿದಂತೆ ಅಲುಗಿತು. “ನೋಡು, ಆಡದೆ ಇರೋ ತಕ್ಕಡಿ ತೂಗಲ್ಲ. ಸ್ವಲ್ಪ ಸಡಿಲ ಇರಲೇಬೇಕು. ಇನ್ನೊಂದ್ಸಲ ನೀನು ಸ್ಕ್ರೂಡ್ರೈವರ್ ಹಿಡಿದ್ರೆ ಕೈ ಮುರೀತೀನಿ.”

“ಮುರೀರಿ. ನಿಮ್ಮ ವಿಮೆ ಇದೆಯಲ್ಲ, ಅದ್ರಲ್ಲೇ ಕಟ್ಟು ಹಾಕಿಸ್ಕೋತೀನಿ.”

ಊರವರು ಅವನ ಏಳು ಖಾತೆಗಳನ್ನು ಹೀಗೆ ಆಡಿಕೊಳ್ಳುತ್ತಿದ್ದರು. ಅವನೂ ನಗುತ್ತಿದ್ದ. ಈ ಹುಚ್ಚು ಎಲ್ಲಿಂದ ಹತ್ತಿತೆಂಬುದು ಹೆಂಡತಿಗೆ ಮಾತ್ರ ಗೊತ್ತಿತ್ತು. ಇಪ್ಪತ್ತೆರಡರ ವಯಸ್ಸಿನಲ್ಲಿ, ಕೆಲಸ ಕಲಿತು ಸ್ವಂತವಾಗಿ ದುಡಿದ ಮೊದಲ ವರ್ಷದ ಉಳಿತಾಯವನ್ನು ಒಂದು ಡಬ್ಬಿಯಲ್ಲಿ ತುಂಬಿಕೊಂಡು ಅವನು ಬ್ಯಾಂಕಿಗೆ ಹೋಗಿದ್ದ. ಕೌಂಟರಿನವನು ಎಣಿಸಿ ನೋಡಿ, “ಇಷ್ಟಕ್ಕೆಲ್ಲ ಖಾತೆ ತೆರೆಯೋಕಾಗಲ್ಲಪ್ಪ” ಎಂದು ಡಬ್ಬಿಯನ್ನು ಇತ್ತ ತಳ್ಳಿದ್ದ. ಅಷ್ಟೇ ಆಗಿದ್ದರೆ ಮರೆತುಬಿಡಬಹುದಿತ್ತು. ಎಣ್ಣೆ, ಮಸಿ ಹತ್ತಿದ ಅವನ ಬೆರಳಿನ ಗುರುತು ಕೌಂಟರಿನ ಮೇಲೆ ಉಳಿದಿತ್ತು. ಅವನು ಅಲ್ಲೇ ನಿಂತಿರುವಾಗಲೇ ಆ ಮನುಷ್ಯ ಅದನ್ನು ಒಂದು ಕಾಗದದ ತುಂಡಿನಿಂದ ಒರೆಸಿ, ಕಾಗದವನ್ನು ಎರಡು ಬೆರಳಲ್ಲಿ ಹಿಡಿದು ಬುಟ್ಟಿಗೆ ಹಾಕಿದ.

ಮೂವತ್ತು ವರ್ಷ ಕಳೆದ ಮೇಲೆ ಕಾಲ ತಿರುಗಿ, ಬ್ಯಾಂಕಿನ ಹುಡುಗಿಯರು ಫಾರಂ ಹಿಡಿದು ಅವನ ಮೆಟ್ಟಿಲ ಕೆಳಗಿನ ಅಂಗಡಿಗೇ ಬಗ್ಗಿಕೊಂಡು ಬರತೊಡಗಿದರು. “ಸರ್, ಒಂದು ಸಹಿ ಸರ್” ಎಂದರು. ಅವನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಮೊದಲು ತೆರೆದದ್ದು, ಒಂದು ಕಾಲಕ್ಕೆ ಡಬ್ಬಿ ತಳ್ಳಿದ್ದ ಅದೇ ಬ್ಯಾಂಕಿನಲ್ಲಿ.

ಏಳನೆಯ ಖಾತೆಯ ಕತೆ ಮಾತ್ರ ಬೇರೆ. ಅದನ್ನು ಅವನು ತೆರೆದದ್ದು ಹೆಂಡತಿಗಾಗಿ.

ಹೆಂಡತಿಯ ಅಕ್ಕ ದೂರದ ಊರಿನಲ್ಲಿದ್ದಳು. ರೈಲಿನಲ್ಲಾದರೆ ಎರಡು ಹಗಲು ಎರಡು ರಾತ್ರಿ. ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದು ಹೆಂಡತಿಯ ಮಂಡಿಗಳು ಸವೆದಿದ್ದವು, ಅಷ್ಟು ಹೊತ್ತು ಕಾಲು ಮಡಿಸಿ ಕೂರಲು ಆಗುತ್ತಿರಲಿಲ್ಲ. ವಿಮಾನದಲ್ಲಿ ಎರಡೇ ತಾಸು, ಆದರೆ ಆ ದರ ಕೇಳಿದರೆ ತಲೆ ತಿರುಗುತ್ತಿತ್ತು. ಅಕ್ಕತಂಗಿಯರು ಮುಖ ನೋಡಿ ಒಂಬತ್ತು ವರ್ಷವಾಗಿತ್ತು. ಏಳನೆಯ ಬ್ಯಾಂಕಿನ ಯೋಜನೆ ಹೀಗಿತ್ತು: ಮೂವತ್ತಾರು ತಿಂಗಳು ಬಿಡದೆ, ಹೇಳಿದ ತಾರೀಖಿಗೆ ಹೇಳಿದಷ್ಟು ಹಣ ಖಾತೆಗೆ ಬಂದರೆ ಇಬ್ಬರಿಗೆ ಹೋಗಿಬರುವ ವಿಮಾನದ ಟಿಕೆಟು ಪುಕ್ಕಟೆ. ನಡುವೆ ಒಂದು ತಿಂಗಳು ತಪ್ಪಿದರೂ ಮತ್ತೆ ಒಂದರಿಂದ ಎಣಿಕೆ.

“ಅಲ್ಲ, ಮೂರು ವರ್ಷ ಯಾರ್ರೀ ಕಾಯ್ತಾರೆ?” ಎಂದಿದ್ದಳು ಅವಳು.

“ಒಂಬತ್ತು ಕಾದಿದೀಯ. ಮೂರು ಯಾವ ಲೆಕ್ಕ?”

ಪ್ರತಿ ತಿಂಗಳ ಇಪ್ಪತ್ತೆಂಟರ ಸಂಜೆ ಅವನು ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು ಹೇಳುತ್ತಿದ್ದ: “ಹನ್ನೊಂದು ಮುಗೀತು.” “ಇಪ್ಪತ್ತು ಮುಗೀತು.” ಅವಳು ಯಂತ್ರದಿಂದ ತಲೆ ಎತ್ತದೆ “ಹೂಂ” ಎನ್ನುತ್ತಿದ್ದಳು. ಆದರೆ ಆ ಸಂಜೆ ಚಹಾಕ್ಕೆ ಸಕ್ಕರೆ ಒಂದು ಚಮಚ ಹೆಚ್ಚಿಗೆ ಬೀಳುತ್ತಿತ್ತು.

ಇಪ್ಪತ್ತೊಂಬತ್ತನೆಯ ತಿಂಗಳಿನಲ್ಲಿ ಅಕ್ಕನ ಫೋನು ಬಂತು. ಕಣ್ಣಿನ ನರ ಒಣಗುತ್ತಿದೆಯಂತೆ, ಔಷಧಿಯಿಲ್ಲವಂತೆ, ವರ್ಷದೊಳಗೆ ಪೂರ್ತಿ ಮಬ್ಬಾಗಬಹುದಂತೆ.

“ಫೋನಿನಲ್ಲಿ ನಿನ್ನ ಮುಖ ನೋಡಿದ್ರೆ ಹಬೆ ಹಿಡಿದ ಕನ್ನಡಿ ಇದ್ದಂಗಿದೆ ಕಣೇ” ಎಂದಳು ಅಕ್ಕ. “ಹತ್ರ ಬಂದ್ರೆ ಇನ್ನೂ ಕಾಣುತ್ತೆ. ಕಾಣೋವಷ್ಟು ದಿನದೊಳಗೆ ಬಂದ್ಬಿಡು.”

“ಇನ್ನೇನು ಏಳು ತಿಂಗಳು ಅಕ್ಕ. ಇವರು ಪುಕ್ಕಟೆ ಟಿಕೆಟ್ ಮಾಡಿಸ್ತಿದಾರೆ.”

“ಪುಕ್ಕಟೆ ಸಿಗೋದು ನಿಧಾನಕ್ಕೇ ಬರೋದು” ಎಂದು ಅಕ್ಕ ನಕ್ಕಳು.

ಅಲ್ಲಿಂದ ಮುಂದೆ ತೂಕದಣ್ಣ ಆ ಗಂಟನ್ನು ಕೈಗೂಸಿನ ಹಾಗೆ ಕಾದ. ಮೂವತ್ತನಾಲ್ಕನೆಯ ತಿಂಗಳಿನಲ್ಲಿ ಅದು ಬಿತ್ತು.

ಆ ತಿಂಗಳು ಸಗಟು ಮಾರುಕಟ್ಟೆಯ ತಕ್ಕಡಿಗಳಿಗೆಲ್ಲ ವರ್ಷದ ಪರೀಕ್ಷೆ. ಬೆಳಗಿನಿಂದ ಸಂಜೆವರೆಗೆ ಮೂಟೆಗಳ ನಡುವೆ ಕೂತು, ತಕ್ಕಡಿ ಬಿಚ್ಚಿ, ತೊಳೆದು, ಸರಿ ಮಾಡಿ, ಮುದ್ರೆ ಹಾಕಿಸಿಕೊಡಬೇಕು. ಫೋನು ಉಪಕರಣದ ಪೆಟ್ಟಿಗೆಯ ತಳದಲ್ಲಿ ಬಿದ್ದಿತ್ತು, ಇಪ್ಪತ್ತೆಂಟರ ಸಂಜೆಯೂ ಸುಸ್ತಿನಲ್ಲಿ ಅದನ್ನು ತೆಗೆದು ನೋಡಲಿಲ್ಲ. ಇಪ್ಪತ್ತೊಂಬತ್ತನೇ ತಾರೀಖು ಅದನ್ನು ಹೊರಗೆ ತೆಗೆದಾಗ ಹದಿಮೂರು ಸಂದೇಶಗಳಿದ್ದವು.

ಮೂರನೆಯ ಬ್ಯಾಂಕು ಕಾರ್ಡಿನ ವಾರ್ಷಿಕ ಶುಲ್ಕವೆಂದು ಚಿಲ್ಲರೆ ಹಣ ಹಿಡಿದುಕೊಂಡಿತ್ತು. ಇಬ್ಬರು ಚಹಾ ಕುಡಿಯುವಷ್ಟೂ ಅಲ್ಲ. ಆದರೆ ಅಲ್ಲಿ ಕನಿಷ್ಠಕ್ಕಿಂತ ಒಂದು ಕಾಸೂ ಹೆಚ್ಚಿಗೆ ಇರಲಿಲ್ಲವಲ್ಲ. ಹಣ ಮುಂದಕ್ಕೆ ಹೊರಡಬೇಕಾದ ದಿನ, ಅದು ಹೋದರೆ ಖಾತೆ ಕನಿಷ್ಠಕ್ಕಿಂತ ಕೊಂಚ ತಗ್ಗುತ್ತದೆಯೆಂದು ಬ್ಯಾಂಕು ಇಡೀ ಗಂಟನ್ನೇ ತಡೆಯಿತು. ಶುಲ್ಕ ಹಿಡಿದ ದಿನ ತಗ್ಗಿದ್ದಕ್ಕೆ ದಂಡವನ್ನೂ ಹಾಕಿತು. ನಾಲ್ಕನೆಯದಕ್ಕೆ ಹಣ ಬರಲಿಲ್ಲ, ಅಲ್ಲೊಂದು ದಂಡ. ಐದರಲ್ಲಿ, ಆರರಲ್ಲಿ ಅದೇ. ಏಳನೆಯ ಬ್ಯಾಂಕು ದಂಡ ಹಾಕಲಿಲ್ಲ. ‘ನಿಮ್ಮ ಎಣಿಕೆ ಈಗ: ಸೊನ್ನೆ’ ಎಂದಷ್ಟೇ ಬರೆದಿತ್ತು.

ಮರುದಿನ ಅಂಗಡಿ ತೆರೆಯದೆ ಏಳನೆಯ ಬ್ಯಾಂಕಿಗೆ ಹೋಗಿ ಕೂತ. ಕೌಂಟರಿನ ಹೆಣ್ಣುಮಗಳು ಮಗಳ ವಯಸ್ಸಿನವಳು. ಪರದೆಯನ್ನು ಎರಡು ಸಲ ನೋಡಿದಳು, ಮೇಲಿನವರನ್ನು ಕೇಳಿ ಬಂದಳು.

“ನಮ್ಮ ಕೈಯಲ್ಲಿಲ್ಲ ಸರ್. ಸಿಸ್ಟಮ್ಮು ತಾನೇ ಸೊನ್ನೆ ಮಾಡುತ್ತೆ.”

“ಒಂದೇ ದಿನ ತಡ ಆಗಿದ್ದಮ್ಮ. ನಿನ್ನೆ ರಾತ್ರಿನೇ ಕಟ್ಟಿದೀನಿ. ಮೂವತ್ತಮೂರು ತಿಂಗಳು ಕಟ್ಟಿದೀನಿ.”

“ಗೊತ್ತು ಸರ್, ಕಾಣ್ತಿದೆ.” ಅವಳ ದನಿ ಇಳಿಯಿತು. “ಯಾವತ್ತೂ ಒಂದು ನಿಮಿಷ ತಪ್ಪಿಲ್ಲ ನೀವು. ನೀರು ಕುಡೀತೀರಾ ಸರ್?”

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನೀರು ಕುಡಿದು ಎದ್ದು ಬಂದ.

ಆ ತಿಂಗಳು ಅವನು ಬಾಗಿಲಲ್ಲಿ ನಿಂತು ಯಾವ ಅಂಕಿಯನ್ನೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಮೂರು ದಿನ ಊಟದ ಹೊತ್ತಿನಲ್ಲಿ ಮಾರುಕಟ್ಟೆಯ ಧೂಳಿನ ಬಗ್ಗೆ ಮಾತನಾಡಿದ. ಅವಳು ಧೂಳಿನ ಬಗ್ಗೆ ಕೇಳಿಸಿಕೊಂಡಳು. ಮೊದಲನೆಯ ತಾರೀಖು ಬಂದು ಹೋಯಿತು, ದಣಿ ಆಳಿಗೆ ಸಂಬಳ ಕೊಡಲಿಲ್ಲ.

ಭಾನುವಾರ ಮಧ್ಯಾಹ್ನ ಅವನು ಅಂಗಡಿಗೆ ಇಳಿದು ಹೋಗಿ, ಕಿಟಕಿ ತೆರೆದು, ದೊಡ್ಡ ತಕ್ಕಡಿಯ ಧೂಳು ಒರೆಸಿದ. ಹಳೆಯ ಡೈರಿಗಳನ್ನು ಹರಡಿಕೊಂಡ. ಯಾವ ದಿನ ಯಾವ ಬ್ಯಾಂಕಿಗೆ ಹೋದೆ, ಎಷ್ಟು ಹೊತ್ತು ಸಾಲಿನಲ್ಲಿ ನಿಂತೆ, ಯಾವ ಗುಪ್ತಸಂಖ್ಯೆ ಮರೆತು ಯಾವ ಫಾರಂ ತುಂಬಿದೆ ಎಲ್ಲವೂ ಅದರಲ್ಲಿದ್ದವು. ಕಾಗದದ ಮೇಲೆ ಕೂಡುವುದು ಕಳೆಯುವುದು ಅವನಿಗೆ ನಂಬಿಕೆಯ ಕೆಲಸವಲ್ಲ. ಕಣ್ಣೆದುರು ತಟ್ಟೆ ಇಳಿಯಬೇಕು. ತನ್ನ ಒಂದು ಗಂಟೆಯ ದುಡಿಮೆಗೆ ಹತ್ತು ಗ್ರಾಂ ಎಂದು ಗೊತ್ತುಮಾಡಿಕೊಂಡ. ಎಡಗಡೆಯ ತಟ್ಟೆಗೆ ಒಂದು ವರ್ಷದಲ್ಲಿ ಬಂದ ಲಾಭವನ್ನೆಲ್ಲ ಗಂಟೆಗೆ ತಿರುಗಿಸಿ ಇಟ್ಟ: ಹೆಚ್ಚಿನ ಬಡ್ಡಿ, ಔಷಧಿಯ ರಿಯಾಯಿತಿ, ವಿಮೆಯ ಕಂತು. ಕೊಡೆಗೂ ಇಪ್ಪತ್ತು ಗ್ರಾಂ ಇಟ್ಟ, ಒಳ್ಳೆಯ ಕೊಡೆ ಅದು. ಆಮೇಲೆ ಬಲಗಡೆಯ ತಟ್ಟೆಗೆ ತಾನು ಕಳೆದ ಗಂಟೆಗಳನ್ನು ಡೈರಿಯ ಪುಟ ತಿರುಗಿಸುತ್ತ ಒಂದೊಂದಾಗಿ ಇಡತೊಡಗಿದ. ಮೇ ತಿಂಗಳಿಗೆ ಬರುವಷ್ಟರಲ್ಲಿ ಎರಡೂ ಸಮವಾದವು. ಆಗಸ್ಟಿಗೆ ಬಲದ ತಟ್ಟೆ ಕಲ್ಲಿನ ಮೇಜನ್ನು ಮುಟ್ಟಿತು. ಇನ್ನೂ ನಾಲ್ಕು ತಿಂಗಳು ಬಾಕಿಯಿತ್ತು.

ಬಾಗಿಲು ಮಬ್ಬಾಯಿತು. ಹೆಂಡತಿ ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದು ಕೈಯಲ್ಲಿ ಐದನೆಯ ಬ್ಯಾಂಕಿನ ಹೆಸರಿದ್ದ ಫ್ಲಾಸ್ಕು ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದಿದ್ದಳು.

“ಭಾನುವಾರ ಯಾರ ತಕ್ಕಡಿ ರೀ ಇದು?”

“ನಂದೇ.”

ಅವಳು ಸ್ಟೂಲಿನ ಮೇಲೆ ಕೂತು ಮಂಡಿ ನೀವಿಕೊಂಡಳು. ಅವನು ಎರಡೂ ತಟ್ಟೆಗಳನ್ನು ತೋರಿಸಿ ವಿವರಿಸಿದ. ಆಮೇಲೆ, ತಕ್ಕಡಿಯ ಕಡೆಗೇ ನೋಡುತ್ತ, ಎಣಿಕೆ ಸೊನ್ನೆಯಾದದ್ದನ್ನೂ ಹೇಳಿದ.

“ಗೊತ್ತು” ಎಂದಳು.

“ಯಾರು ಹೇಳಿದ್ರು?”

“ನೀವೇ. ಇಪ್ಪತ್ತೆಂಟನೇ ತಾರೀಖು ಸುಮ್ನೆ ಚಪ್ಪಲಿ ಬಿಟ್ಟು ಒಳಗೆ ಬಂದ್ರಲ್ಲ, ಆವಾಗ್ಲೇ ಏನೋ ಆಗಿದೆ ಅನ್ನಿಸ್ತು. ಮಾರನೇ ದಿನ ರಾತ್ರಿ ಫೋನ್ ಹಿಡ್ಕೊಂಡು ಕೂತಿದ್ದು ನೋಡಿ ಗೊತ್ತೇ ಆಯ್ತು.”

ಅವಳು ಬಗ್ಗಿ ಬಲಗಡೆಯ ತಟ್ಟೆಯಲ್ಲಿ ಒತ್ತೊತ್ತಾಗಿ ನಿಂತ ಬಟ್ಟುಗಳನ್ನು ನೋಡಿದಳು. “ನೀವು ಓಡಾಡಿದ್ದೆಲ್ಲ ಇಟ್ಟಿದೀರ. ನಾನು ಕೂತು ಕಾದಿದ್ದು ಎಲ್ಲಿಟ್ರಿ?”

ಅವಳು ಅದನ್ನು ಚುಚ್ಚಲು ಹೇಳಿರಲಿಲ್ಲ. ಅಂಗಿಗೆ ಗುಂಡಿ ಒಂದು ಕಡಿಮೆಯಿದೆ ಎಂದ ಹಾಗೆ ಹೇಳಿದ್ದಳು. ತೂಕದಣ್ಣ ಚಿಮಟ ಹಿಡಿದುಕೊಂಡೇ ಗಾಜಿನ ಬೀರುವಿನ ಕಡೆ ತಿರುಗಿದ. ಒಂದು ಗ್ರಾಮಿನಿಂದ ಐದು ಕಿಲೋವರೆಗೆ ಎಲ್ಲವೂ ಅಲ್ಲಿದ್ದವು. ಅವನು ಯಾವುದನ್ನೂ ಎತ್ತಲಿಲ್ಲ.

ಅವಳು ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಕೊಟ್ಟಳು. “ಒಂದು ಕೇಳ್ತೀನಿ, ನಗಬೇಡಿ. ಏಳೂ ಕಡೆ ಮುಟ್ಟಬಾರದು ಅಂತ ಇಟ್ಟಿರೋ ದುಡ್ಡಿದ್ಯಲ್ಲ, ಅದು ಯಾರದು?”

“ನಮ್ದೇ. ಆದ್ರೆ ಮುಟ್ಟೋ ಹಾಗಿಲ್ಲ.”

“ಮುಟ್ಟಿದ್ರೆ?”

“ದಂಡ.”

“ಖಾತೆನೇ ಇಲ್ದಿದ್ರೆ?”

ಅವನು ಚಹಾದ ಮುಚ್ಚಳವನ್ನು ಕಲ್ಲಿನ ಮೇಜಿನ ಮೇಲಿಟ್ಟ. ಅಂಗಡಿಯವರು ಎಣ್ಣೆ ತೂಗುವಾಗ ಡಬ್ಬದ ತೂಕವನ್ನು ಮೊದಲೇ ಕಳೆದುಬಿಡುವ ಹಾಗೆ, ಆ ಹಣವನ್ನು ಅವನು ಹನ್ನೊಂದು ವರ್ಷದಿಂದ ಲೆಕ್ಕದಿಂದ ಕಳೆದೇ ಮಾತನಾಡುತ್ತಿದ್ದ. ಅದು ಹಣವೆಂಬುದೇ ಮರೆತುಹೋಗಿತ್ತು. ಡೈರಿಯ ಹಿಂದಿನ ಪುಟದಲ್ಲಿ, ಮೊದಲನೆಯದೊಂದನ್ನು ಬಿಟ್ಟು ಉಳಿದ ಆರು ಬ್ಯಾಂಕುಗಳ ಕನಿಷ್ಠಗಳನ್ನು ಒಂದರ ಕೆಳಗೊಂದು ಬರೆದು ಕೂಡಿದ. ಇನ್ನೊಮ್ಮೆ ಕೂಡಿದ. ಎರಡು ಟಿಕೆಟು, ಹೋಗಲೂ ಬರಲೂ. ಆ ಮೇಲೂ ಅಕ್ಕನ ಮನೆಗೆ ಹಣ್ಣು ಒಯ್ಯುವಷ್ಟು ಉಳಿಯುತ್ತಿತ್ತು.

“ಇದು ಮೂರು ವರ್ಷದ ಹಿಂದೇನೂ ಇತ್ತಾ?” ಎಂದು ಅವಳು ಕೇಳಿದಳು.

“ಇತ್ತು.”

ಅವಳು ಹೇಳಬಹುದಾದದ್ದು ಬೇಕಾದಷ್ಟಿತ್ತು, ಅವನು ಅದಕ್ಕಾಗಿ ತಲೆ ತಗ್ಗಿಸಿ ಕಾದ. ಕೊನೆಗೆ ಅವಳು ಎದ್ದು, “ಚಹಾ ಆರ್ತಿದೆ, ಕುಡೀರಿ” ಎಂದಳು. “ನಾಳೆ ಆ ಬೂದು ಅಂಗಿ ಹಾಕ್ಕೊಂಡು ಹೋಗಿ. ಖಾತೆ ಮುಚ್ಚೋಕೆ ಹೋದ್ರೂ ಸ್ವಲ್ಪ ನೆಟ್ಟಗೆ ಕಾಣ್ಬೇಕು.”

ಖಾತೆ ತೆರೆಯಲು ಒಂದು ಸಹಿ ಸಾಕಿತ್ತು, ಮುಚ್ಚಲು ನಾಲ್ಕೈದು ಬೇಕಾದವು. ಹತ್ತು ದಿನ ಹಿಡಿಯಿತು. ಪ್ರತಿ ಫಾರಮ್ಮಿನಲ್ಲೂ ‘ಕಾರಣ’ ಎಂಬ ಒಂದು ಸಾಲು ಇತ್ತು. ಅವನು ಆರು ಕಡೆಯೂ ಒಂದೇ ಕಾರಣ ಬರೆದ: ‘ಹೆಂಡತಿಯ ಅಕ್ಕನ ಮನೆಗೆ ಹೋಗಬೇಕಾಗಿದೆ.’ ಏಳನೆಯ ಬ್ಯಾಂಕಿನ ಆ ಹುಡುಗಿ ಅದನ್ನು ಓದಿ, ಸಹಿ ಹಾಕಲು ಬಾಗಿದ್ದವನನ್ನು ನೋಡಿ ನಕ್ಕು, “ಹೋಗಿಬನ್ನಿ ಸರ್” ಎಂದು ಕೆಲಸವನ್ನು ಅರ್ಧ ಗಂಟೆಯಲ್ಲಿ ಮುಗಿಸಿಕೊಟ್ಟಳು.

ಡಬ್ಬಿ ತಳ್ಳಿದ್ದ ಬ್ಯಾಂಕೊಂದನ್ನು ಅವನು ಮುಚ್ಚಲಿಲ್ಲ. “ಅಲ್ಲಿ ನಾನು ಇರೋವರೆಗೂ ಇರ್ತೀನಿ” ಎಂದ.

“ಎಷ್ಟು ಇಟ್ಟಿದೀರಪ್ಪ ಅದ್ರಲ್ಲಿ? ಮತ್ತೆ ಅಂಚಿಗೇನಾ?” ಎಂದು ಮಗಳು ಫೋನು ಕಸಿದುಕೊಂಡು ನೋಡಿದಳು. ಹುಬ್ಬು ಮೇಲಕ್ಕೆ ಹೋಯಿತು. “ಇದೇನಿದು, ಇಷ್ಟೊಂದು ಜಾಸ್ತಿ. ಯಾವ ಲೆಕ್ಕ ಇದು?”

“ಅಂದಾಜು” ಎಂದು ತೂಕದಣ್ಣ ಫೋನು ಕಿತ್ತುಕೊಂಡ.

ವಿಮಾನ ನಿಲ್ದಾಣದಲ್ಲಿ, ಒಳಗಿನ ಮೆತ್ತನೆ ಕುರ್ಚಿಗಳ ಕೋಣೆಗೆ ಪುಕ್ಕಟೆ ಬಿಡುತ್ತಿದ್ದ ಕಾರ್ಡು ಆರನೆಯ ಬ್ಯಾಂಕಿನದಾಗಿತ್ತು. ಹೋದ ವಾರವಷ್ಟೇ ಅದನ್ನು ಕತ್ತರಿಸಿ ಕೊಟ್ಟು ಬಂದಿದ್ದ. ಅದು ನೆನಪಾಗಿ ಅವನು ಆ ಕೋಣೆಯ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದ. ಹೆಂಡತಿಗೆ ಹೇಳಲಿಲ್ಲ. ಹೊರಗಿನ ಗಟ್ಟಿ ಕುರ್ಚಿಯಲ್ಲಿ ಅವಳು ಕಾಲು ಚಾಚಿ ಕೂತು, ವಿಮಾನಗಳು ಎಷ್ಟು ದಪ್ಪಗಿವೆಯೆಂದು ಆಶ್ಚರ್ಯಪಡುತ್ತಿದ್ದಳು.

ಅಕ್ಕನ ಮನೆ ಮೂರನೆಯ ಮಹಡಿಯಲ್ಲಿತ್ತು. ಬಾಗಿಲು ತೆರೆದ ಅಕ್ಕ ಒಂದು ಕ್ಷಣ ಅವರಿಬ್ಬರ ನಡುವಿನ ಗಾಳಿಯನ್ನು ನೋಡಿದಳು. ಆಮೇಲೆ ತಂಗಿಯ ಕೈ ಹಿಡಿದು, ಕಿಟಕಿಯ ಹತ್ತಿರ ಬೆಳಕು ಚೆನ್ನಾಗಿದ್ದ ಕಡೆ ಕೂರಿಸಿ, ತನ್ನ ಕುರ್ಚಿಯನ್ನು ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಎಳೆದುಕೊಂಡು, ಎರಡೂ ಅಂಗೈಯಲ್ಲಿ ಅವಳ ಮುಖ ಹಿಡಿದುಕೊಂಡಳು. ಎಷ್ಟು ಹತ್ತಿರ ಮುಖ ತಂದಳೆಂದರೆ ಮೂಗಿಗೆ ಮೂಗು ತಗಲಿತು.

ತೂಕದಣ್ಣ ಏನು ಮಾಡುವುದೆಂದು ತಿಳಿಯದೆ ಅಡುಗೆಮನೆಗೆ ಹೋದ. ಅಲ್ಲಿ ಹಿಟ್ಟು ತೂಗುವ ಒಂದು ಸಣ್ಣ ಸ್ಪ್ರಿಂಗಿನ ತಕ್ಕಡಿಯಿತ್ತು. ಮೇಲೆ ಏನೂ ಇಲ್ಲದಿದ್ದರೂ ಮುಳ್ಳು ಇಪ್ಪತ್ತು ಗ್ರಾಂ ತೋರಿಸುತ್ತಿತ್ತು. ಅವನು ಜೇಬಿನಿಂದ ಚಿಕ್ಕ ಸ್ಕ್ರೂಡ್ರೈವರ್ ತೆಗೆದ.

ಹೊರಗಿನಿಂದ ಮಾತು ಕೇಳಿಸುತ್ತಿತ್ತು.

“ಬೆಳ್ಳಗಾಗಿಬಿಟ್ಟಿದೀಯಲ್ಲೇ.”

“ಕಾಣುತ್ತಾ ಅಕ್ಕ?”

“ಕೂದಲು ಕಾಣುತ್ತೆ. ಹಲ್ಲು ಕಾಣುತ್ತೆ. ಅತ್ತರೆ ಮಾತ್ರ ಕಾಣಲ್ಲ, ಸುಮ್ನಿರು ಸ್ವಲ್ಪ.”

ತೂಕದಣ್ಣ ಅರ್ಧ ಸುತ್ತು ತಿರುಗಿಸಿ ಬೆರಳು ತೆಗೆದ. ಮುಳ್ಳು ಅತ್ತಿತ್ತ ಆಡಿ ನಿಧಾನವಾಗಿ ಸೊನ್ನೆಗೆ ಬರುತ್ತಿತ್ತು. ಅದು ಪೂರ್ತಿ ನಿಲ್ಲುವವರೆಗೂ ಅವನು ಅಲ್ಲೇ ನಿಂತಿದ್ದ. ನಿಂತ ಮೇಲೂ ಹೊರಗೆ ಹೋಗುವ ಅವಸರ ಮಾಡಲಿಲ್ಲ.